ಓವನ್ ಇಲ್ಲದೆ ಚಾಕ್ಲೇಟ್ ಬಿಸ್ಕತ್ತಿನ ಟ್ರಫಲ್: ಕ್ರಿಸ್‌ಮಸ್ ಪಾರ್ಟಿಗೆ ಮಾಡಿದವರು ನಿಮ್ಮ ಅನುಭವ ಹೇಳಿ

ಕೇಳಿದ್ದು (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಡಿಸೆಂಬರ್ 24ರ ಸಂಜೆ ಕ್ರಿಸ್‌ಮಸ್ ಪಾರ್ಟಿ ಇದೆ. ಒಂದೊಂದು ಮನೆಯವರು ಒಂದೊಂದು ತಿಂಡಿ ತರಬೇಕು, ನನ್ನ ಪಾಲಿಗೆ ಸಿಹಿ ಬಂದಿದೆ. ಸುಮಾರು 40 ಜನ ಆಗುತ್ತಾರೆ, ಅದರಲ್ಲಿ ಅರ್ಧ ಮಕ್ಕಳು. ಮೊಟ್ಟೆ ತಿನ್ನದವರು ಇದ್ದಾರೆ. ನಮ್ಮ ಮನೆಯಲ್ಲಿ ಓವನ್ ಇಲ್ಲ. ಗ್ಯಾಸ್ ಒಲೆ, ಮಿಕ್ಸಿ, ಫ್ರಿಜ್ ಇಷ್ಟೇ.

ಚಾಕ್ಲೇಟ್ ಬಿಸ್ಕತ್ತನ್ನು ಪುಡಿ ಮಾಡಿ, ಉಂಡೆ ಕಟ್ಟಿ, ಕರಗಿಸಿದ ಚಾಕ್ಲೇಟಿನಲ್ಲಿ ಅದ್ದಿ ಮಾಡುವ ಟ್ರಫಲ್ ಮಾಡೋಣ ಅಂತಿದ್ದೇನೆ. ಆದರೆ ನೋಡಿದ ಕಡೆಯೆಲ್ಲ ಒಂದೊಂದು ಥರ ಹೇಳುತ್ತಾರೆ. ಒಬ್ಬರು ಕ್ರೀಮ್ ಚೀಸ್ ಅಂತಾರೆ, ಇನ್ನೊಬ್ಬರು ಮಿಲ್ಕ್‌ಮೇಡ್, ಅಂದರೆ ಡಬ್ಬಿಯ ಕಂಡೆನ್ಸ್ಡ್ ಮಿಲ್ಕ್ ಅಂತಾರೆ. ಯಾವ ಬಿಸ್ಕತ್ತು, ಎಷ್ಟು ತರಬೇಕು, ಯಾವ ಚಾಕ್ಲೇಟು, ಎಷ್ಟು ದಿನ ಮುಂಚೆ ಮಾಡಿಡಬಹುದು, ಮೇಲಿನ ಚಾಕ್ಲೇಟ್ ಒಡೆಯದ ಹಾಗೆ ಏನು ಮಾಡಬೇಕು? ನಿಜವಾಗಿ ಮಾಡಿ ಬಡಿಸಿದವರು ಹೇಳಿದರೆ ತುಂಬಾ ಉಪಕಾರ.

ಪ್ರತಿ ಡಿಸೆಂಬರ್ ಮಾಡುವವಳು, ಬೆಂಗಳೂರಿನಿಂದಲೇ

ನಿಮ್ಮ ಪಾರ್ಟಿಗೆ ಮಿಲ್ಕ್‌ಮೇಡ್ ಸಾಕು ಅಕ್ಕಾ, ಕ್ರೀಮ್ ಚೀಸ್ ಗೋಜಿಗೆ ಹೋಗಬೇಡಿ. ಕಾರಣ ಆಮೇಲೆ ಹೇಳುತ್ತೇನೆ, ಮೊದಲು ಲೆಕ್ಕ ಕೇಳಿ.

ತಲೆಗೆ ಎರಡು ಅಂದರೆ 80 ಉಂಡೆ. ಒಂದು ಉಂಡೆ 15 ಗ್ರಾಂ ಇರಲಿ, ಅಂದರೆ ದೊಡ್ಡ ನೆಲ್ಲಿಕಾಯಿಗಿಂತ ಚಿಕ್ಕದು. ಅದಕ್ಕಿಂತ ದೊಡ್ಡದು ಮಾಡಿದರೆ ಮಕ್ಕಳು ಅರ್ಧ ಕಚ್ಚಿ ಬಿಟ್ಟು ಓಡುತ್ತಾರೆ, ಇದು ತುಂಬಾ ಸಿಹಿಯ ತಿಂಡಿ. 80 ಉಂಡೆಗೆ ಕ್ರೀಮ್ ಇರುವ ಚಾಕ್ಲೇಟ್ ಬಿಸ್ಕತ್ತು 900 ಗ್ರಾಂ, ಕಂಡೆನ್ಸ್ಡ್ ಮಿಲ್ಕ್ ಸುಮಾರು 300 ಗ್ರಾಂ. 400 ಗ್ರಾಮಿನ ಒಂದು ಡಬ್ಬಿ ತಂದರೆ ಮಿಗುತ್ತದೆ. ಮೇಲೆ ಅದ್ದುವುದಕ್ಕೆ ಒಂದು ಉಂಡೆಗೆ 6-7 ಗ್ರಾಂ ಚಾಕ್ಲೇಟ್ ಹಿಡಿಯುತ್ತದೆ. ಆದರೆ ಬಟ್ಟಲಲ್ಲಿ ಉಂಡೆ ಮುಳುಗುವಷ್ಟು ಆಳ ಬೇಕಲ್ವಾ, ಅದಕ್ಕೆ 700-800 ಗ್ರಾಂ ತಂದಿಟ್ಟುಕೊಳ್ಳಿ. ಉಳಿದದ್ದು ಹಾಳಾಗುವುದಿಲ್ಲ.

ಬಿಸ್ಕತ್ತು ಓರಿಯೋ ಆದರೂ ಸರಿ, ಬೋರ್ಬನ್ ಆದರೂ ಸರಿ. ಎರಡರ ಪೊಟ್ಟಣದ ಮೇಲೂ ಹಸಿರು ಚುಕ್ಕೆ ಇದೆ, ಮೊಟ್ಟೆಯ ಚಿಂತೆ ಇಲ್ಲ. ಓರಿಯೋದಲ್ಲಿ ಕೋಕೋದ ಕಹಿ ಜಾಸ್ತಿ, ಉಂಡೆಯೂ ಕಪ್ಪಗೆ ಬರುತ್ತದೆ. ಬೋರ್ಬನ್ ಮೇಲೆ ಸಕ್ಕರೆ ಹರಳು ಇರುವುದರಿಂದ ಸ್ವಲ್ಪ ಸಿಹಿ ಹೆಚ್ಚು, ಅದಕ್ಕೆ ಎರಡು ಚಮಚ ಕೋಕೋ ಪುಡಿ ಸೇರಿಸಿಕೊಂಡರೆ ಚೆನ್ನಾಗಿರುತ್ತದೆ. ಕ್ರೀಮ್ ಕೆರೆದು ತೆಗೆಯಬೇಡಿ. ಆ ಕ್ರೀಮಿನಲ್ಲಿರುವ ಜಿಡ್ಡೇ ಉಂಡೆಯನ್ನು ಹಿಡಿದಿಡುವುದು. ಮಾರಿ ಅಥವಾ ಪಾರ್ಲೆ-ಜಿಯಲ್ಲಿ ಮಾಡುವುದಾದರೆ ಆ ಜಿಡ್ಡು ನಾವೇ ಹಾಕಬೇಕು: 200 ಗ್ರಾಂ ಬಿಸ್ಕತ್ತಿಗೆ 50 ಗ್ರಾಂ ಕರಗಿಸಿದ ಬೆಣ್ಣೆ, ಮೂರು ಚಮಚ ಕೋಕೋ, ಆಮೇಲೆ ಹಿಡಿಯುವಷ್ಟು ಮಿಲ್ಕ್‌ಮೇಡ್.

ಈಗ ಪುಡಿ. ಇಲ್ಲೇ ಅರ್ಧ ಕೆಲಸ ಕೆಡುವುದು. ಮಿಕ್ಸಿ ಜಾರು ಪೂರ್ತಿ ಒಣಗಿರಬೇಕು, ಬ್ಲೇಡಿನ ಕೆಳಗೆ ನೀರು ನಿಂತಿರುತ್ತದೆ, ಬಟ್ಟೆಯಲ್ಲಿ ಒರೆಸಿದರೆ ಸಾಲದು, ಹಿಂದಿನ ರಾತ್ರಿಯೇ ಬೋರಲು ಹಾಕಿಡಿ. ಜಾರಿನ ಅರ್ಧಕ್ಕಿಂತ ಜಾಸ್ತಿ ಬಿಸ್ಕತ್ತು ತುಂಬಬೇಡಿ, ಒಂದೇ ಸಮ ತಿರುಗಿಸಲೂ ಬೇಡಿ, ಗುಂಡಿಯನ್ನು ಎಡಕ್ಕೆ ತಿರುಗಿಸಿ ಬಿಟ್ಟು ಬಿಟ್ಟು ಕೊಡಿ. ಒಂದೇ ಸಮ ಓಡಿಸಿದರೆ ಜಾರು ಬಿಸಿಯಾಗಿ ಕ್ರೀಮ್ ಕರಗಿ ತಳಕ್ಕೆ ಮೆತ್ತಿಕೊಳ್ಳುತ್ತದೆ, ಮೇಲೆ ತುಂಡು ಹಾಗೇ ಉಳಿಯುತ್ತದೆ. ಪುಡಿಯನ್ನು ಒಮ್ಮೆ ರವೆ ಜರಡಿಯಲ್ಲಿ ಆಡಿಸಿಕೊಳ್ಳಿ. ದಪ್ಪ ಚೂರು ಒಳಗೆ ಉಳಿದರೆ ಉಂಡೆ ಅಲ್ಲಿಂದಲೇ ಬಿರಿಯುತ್ತದೆ.

ಮಿಲ್ಕ್‌ಮೇಡನ್ನು ಒಟ್ಟಿಗೆ ಸುರಿಯಬೇಡಿ. ಮುಕ್ಕಾಲು ಭಾಗ ಹಾಕಿ ಕಲಸಿ, ಐದು ನಿಮಿಷ ಮುಚ್ಚಿಡಿ. ಬಿಸ್ಕತ್ತು ತೇವ ಎಳೆದುಕೊಳ್ಳುವುದಕ್ಕೆ ಸಮಯ ಬೇಕು. ಆಮೇಲೆ ಮುಷ್ಟಿಯಲ್ಲಿ ಹಿಡಿದು ಒತ್ತಿ ನೋಡಿ. ಬೆರಳಿನ ಗುರುತು ಅಚ್ಚಾಗಿ ಉಳಿದು ಕೈಗೆ ಅಂಟದೆ ಬಂದರೆ ಹದ ಸರಿ ಇದೆ. ಪುಡಿ ಉದುರಿದರೆ ಇನ್ನೊಂದು ಚಮಚ ಹಾಕಿ. ಚಪಾತಿ ಹಿಟ್ಟಿನಷ್ಟು ಮೆತ್ತಗಾಯಿತೋ, ಅದು ಜಾಸ್ತಿ ಆಯಿತು ಅಂತ, ಒಂದು ಮುಷ್ಟಿ ಪುಡಿ ಬದಿಗಿಟ್ಟುಕೊಂಡಿದ್ದರೆ ಆಗ ಕೈ ಹಿಡಿಯುತ್ತದೆ.

ಉಂಡೆ ಕಟ್ಟಿ ತಟ್ಟೆಯಲ್ಲಿ ಬಟರ್ ಪೇಪರ್ ಹಾಸಿ ಜೋಡಿಸಿ, ಫ್ರಿಜ್ಜಿನಲ್ಲಿ ಒಂದು ಗಂಟೆ. ಫ್ರೀಜರಿನಲ್ಲಿ ಅಲ್ಲ, ಕೆಳಗೆ. ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಇದೇ. ಫ್ರೀಜರಿನಿಂದ ತೆಗೆದ ಉಂಡೆಯನ್ನು ಅದ್ದಿದರೆ ಮೇಲಿನ ಚಾಕ್ಲೇಟ್ ತಕ್ಷಣ ಗಟ್ಟಿಯಾಗಿ ಬಿಗಿಯುತ್ತದೆ, ಒಳಗಿನ ಉಂಡೆ ಆಮೇಲೆ ಬೆಚ್ಚಗಾಗುತ್ತಾ ಹಿಗ್ಗುತ್ತದೆ. ಹಿಗ್ಗಿದ್ದಕ್ಕೆ ಜಾಗ ಎಲ್ಲಿದೆ? ಚಿಪ್ಪು ಸೀಳುತ್ತದೆ. ಅದ್ದುವ ಮುಂಚೆ ಐದು ನಿಮಿಷ ಹೊರಗಿಟ್ಟರೆ ಇನ್ನೂ ಒಳ್ಳೆಯದು.

ಕ್ರೀಮ್ ಚೀಸ್ ಯಾಕೆ ಬೇಡ ಅಂದೆ ಅಂದರೆ, ಇಲ್ಲಿ ಸುಲಭವಾಗಿ ಸಿಗುವುದು ಬ್ರೆಡ್ಡಿಗೆ ಹಚ್ಚುವ ಡಬ್ಬಿಯದು. ಅದರಲ್ಲಿ ನೀರು ಜಾಸ್ತಿ, ಉಂಡೆ ಕೂತಲ್ಲೇ ಚಪ್ಪಟೆಯಾಗುತ್ತದೆ. ಜೊತೆಗೆ ಪಾರ್ಟಿಯಲ್ಲಿ ಮೂರು ಗಂಟೆ ಮೇಜಿನ ಮೇಲೆ ಇಡುವ ತಿಂಡಿಗೆ ಚೀಸ್ ಹಾಕಿದರೆ ಮನಸ್ಸಿಗೆ ನೆಮ್ಮದಿ ಇರುವುದಿಲ್ಲ. ಕಂಡೆನ್ಸ್ಡ್ ಮಿಲ್ಕಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸಕ್ಕರೆಯೇ ಇರುವುದರಿಂದ ಅಷ್ಟು ಬೇಗ ಕೆಡುವುದಿಲ್ಲ.

ನ್ಯೂಜೆರ್ಸಿಯಿಂದ

ಮೇಲಿನವರು ಹೇಳಿದ್ದು ಬೆಂಗಳೂರಿಗೆ ಸರಿ. ಆದರೆ ಕ್ರೀಮ್ ಚೀಸಿನ ಪರವಾಗಿ ಒಂದು ಮಾತು ಹೇಳಲೇಬೇಕು, ಯಾಕಂದರೆ ಈ ತಿಂಡಿ ಅಮೆರಿಕದಲ್ಲಿ ಮನೆಮಾತಾಗಿದ್ದೇ ಆ ರೂಪದಲ್ಲಿ. ಇಲ್ಲಿ ಡಿಸೆಂಬರ್ ಬಂತೆಂದರೆ ಆಫೀಸು, ಮಕ್ಕಳ ಶಾಲೆ, ಚರ್ಚು, ನಮ್ಮ ಕನ್ನಡ ಕೂಟದವರ ಮನೆ, ಎಲ್ಲಿ ಹೋದರೂ ಒಂದು ತಟ್ಟೆ ಇದು ಇದ್ದೇ ಇರುತ್ತದೆ. ಅಳತೆ ನೆನಪಿಟ್ಟುಕೊಳ್ಳುವುದೂ ಸುಲಭ: 36 ಓರಿಯೋ, 8 ಔನ್ಸಿನ ಒಂದು ಕ್ರೀಮ್ ಚೀಸ್ ಇಟ್ಟಿಗೆ (226 ಗ್ರಾಂ), ಅದ್ದುವುದಕ್ಕೆ 16 ಔನ್ಸ್ ಚಾಕ್ಲೇಟ್. 48 ಉಂಡೆ ಬರುತ್ತದೆ.

ರುಚಿ ಬೇರೆಯೇ. ಚೀಸಿನ ಸಣ್ಣ ಹುಳಿ ಓರಿಯೋದ ಸಿಹಿಯನ್ನು ಹಿಡಿತದಲ್ಲಿಡುತ್ತದೆ, ಒಳಗೆ ಕೇಕಿನ ಹಾಗೆ ಮೃದುವಾಗಿರುತ್ತದೆ. ಮಿಲ್ಕ್‌ಮೇಡಿನದ್ದು ಮರುದಿನಕ್ಕೆ ಸ್ವಲ್ಪ ಜಗಿಯುವ ಹಾಗಾಗುತ್ತದೆ. ದೊಡ್ಡವರೇ ಇರುವ ಚಿಕ್ಕ ಕೂಟವಾಗಿದ್ದರೆ, ಊಟ ಆದ ತಕ್ಷಣ ಫ್ರಿಜ್ಜಿನಿಂದ ತೆಗೆದು ಕೊಡುವ ಹಾಗಿದ್ದರೆ, ನಾನು ಚೀಸಿನದ್ದೇ ಮಾಡುತ್ತೇನೆ. ಇಟ್ಟಿಗೆಯಾಕಾರದ್ದು ತನ್ನಿ, ಡಬ್ಬಿಯದ್ದು ಬೇಡ. ಒಂದು ಗಂಟೆ ಹೊರಗಿಟ್ಟು ಮೆತ್ತಗಾದ ಮೇಲೆ ಕಲಸಿ, ಇಲ್ಲದಿದ್ದರೆ ಬಿಳಿ ಗಂಟುಗಳು ಹಾಗೇ ಉಳಿಯುತ್ತವೆ.

ಹೊರಗಿಡುವ ವಿಷಯ: ಅಮೆರಿಕದ ಕೃಷಿ ಇಲಾಖೆ ಹೇಳುವ ನಿಯಮ, ಬೇಗ ಕೆಡುವ ಆಹಾರ ಫ್ರಿಜ್ಜಿನಿಂದ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು, 32 ಡಿಗ್ರಿ ಸೆಲ್ಸಿಯಸ್ ದಾಟಿದ ಕಡೆ ಒಂದೇ ಗಂಟೆ. ಚೀಸಿನ ಉಂಡೆಗೆ ಇದು ಕಟ್ಟುನಿಟ್ಟು. ಅದಕ್ಕೇ ನಾನು ಎಲ್ಲವನ್ನೂ ಒಟ್ಟಿಗೆ ಮೇಜಿನ ಮೇಲೆ ಇಡುವುದಿಲ್ಲ. ಒಂದು ತಟ್ಟೆ ಖಾಲಿಯಾದ ಮೇಲೆ ಇನ್ನೊಂದು.

ಇಲ್ಲಿರುವ ನಮ್ಮವರಿಗೆ ಇನ್ನೊಂದು ಮಾತು. ಅದ್ದುವುದಕ್ಕೆ ಚಾಕ್ಲೇಟ್ ಚಿಪ್ಸ್ ತರಬೇಡಿ. ಕುಕೀಯಲ್ಲಿ ಬೆಂದರೂ ಆಕಾರ ಕಳೆದುಕೊಳ್ಳದ ಹಾಗೆ ಮಾಡಿರುತ್ತಾರೆ, ಅದರಲ್ಲಿ ಕೋಕೋ ಬೆಣ್ಣೆ ಕಡಿಮೆ, ಕರಗಿಸಿದರೆ ಮುದ್ದೆಯಾಗಿ ನಿಲ್ಲುತ್ತದೆ. ಬೇಕಿಂಗ್ ಬಾರ್ ತನ್ನಿ, ಇಲ್ಲವೇ ಕ್ಯಾಂಡಿ ಮೆಲ್ಟ್ಸ್. ಮತ್ತೆ "ಓರಿಯೋ ವೆಜ್ಜಾ?" ಅಂತ ನಮ್ಮ ಹಿರಿಯರು ಕೇಳುತ್ತಾರೆ. 1990ರ ದಶಕದ ನಡುವಿನವರೆಗೂ ಇಲ್ಲಿನ ಓರಿಯೋ ಕ್ರೀಮಿನಲ್ಲಿ ಹಂದಿ ಕೊಬ್ಬು ಇತ್ತು, ಆಮೇಲೆ ಸಸ್ಯಜನ್ಯ ಕೊಬ್ಬಿಗೆ ಬದಲಾಯಿಸಿದರು. ಆ ಕಾಲದಲ್ಲಿ ಬಂದವರಿಗೆ ಅನುಮಾನ ಉಳಿದಿರುವುದು ಸಹಜ, ನಿಧಾನವಾಗಿ ಹೇಳಿ ತಿನ್ನಿಸಿ.

ಮನೆಯಲ್ಲೇ ಕೇಕ್, ಚಾಕ್ಲೇಟ್ ಮಾಡಿ ಮಾರುವವರು, ಶಿವಮೊಗ್ಗದಿಂದ

ಉಂಡೆಯ ಬಗ್ಗೆ ಎಲ್ಲ ಬಂತು. ನಾನು ಚಾಕ್ಲೇಟಿನ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಜನ ಹೆದರುವುದು ಅಲ್ಲೇ.

ಅಂಗಡಿಯಲ್ಲಿ ಎರಡು ಜಾತಿ ಇರುತ್ತದೆ, ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತದೆ. ಹಿಂದೆ ತಿರುಗಿಸಿ ಪದಾರ್ಥಗಳ ಪಟ್ಟಿ ಓದಿ. ಕೋಕೋ ಬಟರ್ ಅಂತ ಇದ್ದರೆ ಅದು ನಿಜವಾದ ಚಾಕ್ಲೇಟ್, ಕೂವರ್ಚರ್ ಅನ್ನುವುದು ಇದರಲ್ಲೇ ಕೋಕೋ ಬಟರ್ ಜಾಸ್ತಿ ಇರುವ ದುಬಾರಿ ಜಾತಿ. ಅದರ ಬದಲು ಬೇರೆ ಸಸ್ಯಜನ್ಯ ಕೊಬ್ಬು ಅಂತ ಇದ್ದರೆ ಕಾಂಪೌಂಡ್. ನಿಮಗೆ ಬೇಕಾದ್ದು ಕಾಂಪೌಂಡ್, ಡಾರ್ಕ್ ಕಾಂಪೌಂಡ್. ಮಾರ್ಡೆ, ವ್ಯಾನ್‌ಲೀರ್ ಇವೆಲ್ಲ ಕೇಕ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತವೆ. ಕರಗಿಸಿ, ಅದ್ದಿ, ಇಟ್ಟರೆ ಆಯಿತು, ತಾನೇ ಗಟ್ಟಿಯಾಗಿ ಹೊಳೆಯುತ್ತದೆ.

ನಿಜವಾದ ಚಾಕ್ಲೇಟ್ ಹಾಗಲ್ಲ. ಕೋಕೋ ಬೆಣ್ಣೆ ಗಟ್ಟಿಯಾಗುವಾಗ ಅದರ ಹರಳು ಹಲವು ಬಗೆಯಲ್ಲಿ ಕೂರಬಹುದು, ಅದರಲ್ಲಿ ಒಂದೇ ಬಗೆ ನಮಗೆ ಬೇಕಾದ ಹೊಳಪು, ಮುರಿದಾಗ ಟಕ್ ಅನ್ನುವ ಗಟ್ಟಿತನ ಕೊಡುತ್ತದೆ. ಅದಕ್ಕಾಗಿ ಡಾರ್ಕ್ ಚಾಕ್ಲೇಟನ್ನು 45-50 ಡಿಗ್ರಿಗೆ ಕರಗಿಸಿ, 27-28ಕ್ಕೆ ಇಳಿಸಿ, ಮತ್ತೆ 31-32ಕ್ಕೆ ಏರಿಸಬೇಕು. ಇದೇ ಟೆಂಪರಿಂಗ್. ಥರ್ಮಾಮೀಟರ್ ಇದ್ದು, ಹತ್ತಿಪ್ಪತ್ತು ಉಂಡೆ ಮಾಡುವವರಿಗೆ ಇದು ಸಂತೋಷದ ಕೆಲಸ. 40 ಜನರ ಪಾರ್ಟಿಯ ಹಿಂದಿನ ದಿನ ಯಾರಿಗೂ ನಾನು ಇದನ್ನು ಹೇಳುವುದಿಲ್ಲ. ಟೆಂಪರ್ ಮಾಡದೆ ಸುಮ್ನೆ ಕರಗಿಸಿ ಅದ್ದಿದರೆ ಮುಟ್ಟಿದ ಕೂಡಲೇ ಬೆರಳಿಗೆ ಹತ್ತುತ್ತದೆ, ಒಂದೆರಡು ದಿನದಲ್ಲಿ ಮೇಲೆ ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತದೆ. ಅದು ಬೂಸ್ಟು ಅಲ್ಲ, ಕೊಬ್ಬು ಮೇಲೆ ಬಂದಿರುವುದು. ತಿನ್ನಬಹುದು, ಆದರೆ ನೋಡಲು ಚೆಂದವಿಲ್ಲ.

ಕರಗಿಸುವ ಬಗೆ: ಚಾಕ್ಲೇಟನ್ನು ಚಾಕುವಿನಲ್ಲಿ ಸಣ್ಣಗೆ ಹೆಚ್ಚಿ. ಪಾತ್ರೆಯಲ್ಲಿ ಎರಡು ಬೆರಳು ನೀರು ಕುದಿಸಿ ಒಲೆ ಆರಿಸಿ, ಅದರ ಮೇಲೆ ಬಟ್ಟಲು ಇಡಿ. ಬಟ್ಟಲಿನ ತಳ ನೀರಿಗೆ ತಾಕಬಾರದು, ಬಟ್ಟಲು ಪಾತ್ರೆಯ ಬಾಯಿಗಿಂತ ಅಗಲ ಇರಬೇಕು, ಇಲ್ಲವಾದರೆ ಹಬೆ ಪಕ್ಕದಿಂದ ಮೇಲೆ ಬಂದು ಹನಿಯಾಗಿ ಒಳಗೆ ಬೀಳುತ್ತದೆ. ಆ ಒಂದು ಹನಿ ಸಾಕು. ಚಾಕ್ಲೇಟಿನಲ್ಲಿರುವ ಸಕ್ಕರೆ ಆ ನೀರನ್ನು ಹೀರಿ ಒಂದಕ್ಕೊಂದು ಅಂಟಿಕೊಂಡು, ಹರಿಯುತ್ತಿದ್ದ ಚಾಕ್ಲೇಟ್ ಕ್ಷಣದಲ್ಲಿ ಒರಟು ಮುದ್ದೆಯಾಗುತ್ತದೆ. ಒದ್ದೆ ಚಮಚ ಹಾಕಿದರೂ ಅದೇ ಗತಿ. ಹಾಗಾದರೆ ಅದ್ದುವುದಕ್ಕೆ ಅದು ಬರುವುದಿಲ್ಲ. ಬಿಸಾಡಬೇಡಿ, ಎರಡು ಮೂರು ಚಮಚ ಬಿಸಿ ಹಾಲು ಹಾಕುತ್ತಾ ಚೆನ್ನಾಗಿ ಕಲಕಿದರೆ ನುಣ್ಣಗಿನ ಸಾಸ್ ಆಗುತ್ತದೆ, ಐಸ್‌ಕ್ರೀಮಿಗೆ ಹಾಕಿಕೊಳ್ಳಿ.

ಮೈಕ್ರೋವೇವ್ ಇದ್ದರೆ ಅರ್ಧ ಪವರಿನಲ್ಲಿ 30 ಸೆಕೆಂಡ್, ತೆಗೆದು ಕಲಕಿ, ಮತ್ತೆ 30 ಸೆಕೆಂಡ್. ಮುಕ್ಕಾಲು ಕರಗಿದಾಗ ನಿಲ್ಲಿಸಿ, ಉಳಿದದ್ದು ಕಲಕುವಾಗಲೇ ಕರಗುತ್ತದೆ. ಬಿಳಿ ಚಾಕ್ಲೇಟ್ ಬೇಗ ಸೀಯುತ್ತದೆ, ಅದರ ಮೇಲೆ ಕಣ್ಣಿಟ್ಟಿರಿ. ತೀರಾ ದಪ್ಪ ಅನ್ನಿಸಿದರೆ 200 ಗ್ರಾಮಿಗೆ ಒಂದು ಟೀ ಚಮಚ ಅಡುಗೆ ಎಣ್ಣೆ ಹಾಕಿ, ಅಷ್ಟೇ. ಜಾಸ್ತಿ ಹಾಕಿದರೆ ಹೊರಗಿಟ್ಟಾಗ ಮೆತ್ತಗಾಗುತ್ತದೆ.

ಅದ್ದುವಾಗ: ಉಂಡೆಯನ್ನು ಚಾಕ್ಲೇಟಿಗೆ ಬಿಟ್ಟು ಚಮಚದಲ್ಲಿ ಮೇಲೊಂದಿಷ್ಟು ಸುರಿಯಿರಿ. ಫೋರ್ಕಿನ ಮೇಲೆ ಎತ್ತಿ, ಫೋರ್ಕಿನ ಹಿಡಿಯನ್ನು ಬಟ್ಟಲಿನ ಅಂಚಿಗೆ ನಾಲ್ಕೈದು ಸಲ ಟಪ್ ಟಪ್ ಅಂತ ತಟ್ಟಿ. ಹೆಚ್ಚಾದ ಚಾಕ್ಲೇಟ್ ಅಲೆಯಲೆಯಾಗಿ ಕೆಳಗಿಳಿದು ಉಂಡೆಯ ದುಂಡು ಮತ್ತೆ ಕಾಣಿಸುತ್ತದೆ. ಆಮೇಲೆ ಫೋರ್ಕಿನ ತಳವನ್ನು ಅಂಚಿಗೆ ಒಮ್ಮೆ ಸವರಿ, ಬಟರ್ ಪೇಪರ್ ಮೇಲೆ ಓರೆಯಾಗಿ ಹಿಡಿದು ಟೂತ್‌ಪಿಕ್ಕಿನಲ್ಲಿ ಮೆಲ್ಲಗೆ ಜಾರಿಸಿ. ತಟ್ಟದೆ ಇಟ್ಟರೆ ಬುಡದಲ್ಲಿ ಚಾಕ್ಲೇಟ್ ಹರಡಿ ಚಪ್ಪಟೆ ಪಾದ ಬರುತ್ತದೆ. ಬಂದರೂ ಪರವಾಗಿಲ್ಲ, ಗಟ್ಟಿಯಾದ ಮೇಲೆ ಚಾಕುವಿನಲ್ಲಿ ಸುತ್ತ ಕತ್ತರಿಸಬಹುದು. ಮೇಲೆ ಬಣ್ಣದ ಕಾಳು ಉದುರಿಸುವುದಾದರೆ ಒಂದೊಂದು ಉಂಡೆ ಇಟ್ಟ ಕೂಡಲೇ ಉದುರಿಸಿ. ತಣ್ಣನೆಯ ಉಂಡೆಯ ಮೇಲೆ ಕಾಂಪೌಂಡ್ ಕ್ಷಣಮಾತ್ರದಲ್ಲಿ ಬಿಗಿಯುತ್ತದೆ, ಹೊಳಪು ಮಾಸಿತು ಅಂದರೆ ಗಟ್ಟಿಯಾಗತೊಡಗಿತು, ಆಮೇಲೆ ಉದುರಿಸಿದ್ದು ಉರುಳಿ ಹೋಗುತ್ತದೆ.

ಮಂಗಳೂರಿನಿಂದ

80 ಉಂಡೆ ಅದ್ದುವುದು ಅಂದರೆ ಒಬ್ಬರೇ ಕೂತು ಒಂದೂವರೆ ಗಂಟೆಗೂ ಮೇಲಿನ ಕೆಲಸ. ನಾನಾದರೆ ಅರ್ಧ ಅದ್ದಿ, ಅರ್ಧವನ್ನು ಕೊಬ್ಬರಿ ತುರಿಯಲ್ಲೋ ಕೋಕೋ ಪುಡಿಯಲ್ಲೋ ಉರುಳಿಸುತ್ತೇನೆ. ತಟ್ಟೆಯಲ್ಲಿ ಕಪ್ಪು, ಕಂದು, ಬಿಳಿ ಮೂರೂ ಸೇರಿದಾಗ ಕಾಣುವುದೂ ಚೆಂದ. ನಮ್ಮಲ್ಲಿ ಕ್ರಿಸ್‌ಮಸ್ಸಿಗೆ ಕುಸ್ವಾರ್ ತಟ್ಟೆ ಕಳಿಸುತ್ತಾರಲ್ಲ, ನೆವ್ರಿ, ಕಿಡಿಯೊ, ಗುಳಿಯೊ, ರೋಸ್ ಕುಕ್ಕೀಸ್ ಎಲ್ಲ ಇಟ್ಟು, ಈಗೀಗ ಅದರ ನಡುವೆ ಮಕ್ಕಳಿಗೋಸ್ಕರ ಇಂಥ ಚಾಕ್ಲೇಟ್ ಉಂಡೆಯನ್ನೂ ನಾಲ್ಕು ಇಡುತ್ತೇವೆ. ಅಲ್ಲಿ ಮಾತ್ರ ನಾನು ಅದ್ದಿದ್ದು ಇಡುವುದಿಲ್ಲ. ಕರಾವಳಿಯಲ್ಲಿ ಡಿಸೆಂಬರ್ ಹಗಲು ಕೂಡ 32 ಡಿಗ್ರಿಯ ಹತ್ತಿರ, ಗಾಳಿಯಲ್ಲಿ ಪಸೆ ಬೇರೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವಷ್ಟರಲ್ಲಿ ಪಕ್ಕದ ನೆವ್ರಿಗೆಲ್ಲ ಚಾಕ್ಲೇಟ್ ಮೆತ್ತಿರುತ್ತದೆ.

ಉರುಳಿಸುವುದಕ್ಕೆ ಹಸಿ ತೆಂಗಿನ ತುರಿ ಬೇಡವೇ ಬೇಡ, ರಾತ್ರಿ ಕಳೆಯುವಷ್ಟರಲ್ಲಿ ಹುಳಿ ವಾಸನೆ ಬರುತ್ತದೆ. ಒಣ ಕೊಬ್ಬರಿಯ ಕಂದು ಸಿಪ್ಪೆ ಕೆರೆದು ಸಣ್ಣ ತುರಿ ತುರಿದು, ಸಣ್ಣ ಉರಿಯಲ್ಲಿ ಬಿಸಿ ಮಾಡಿ ಆರಿಸಿ. ಕೆಂಪಗೆ ಮಾಡಬೇಡಿ, ತೇವ ಹೋದರೆ ಸಾಕು. ಅಂಗಡಿಯ ಡೆಸಿಕೇಟೆಡ್ ಕೊಕೊನಟ್ ಆದರೂ ಆಗುತ್ತದೆ. ಒಂದು ಗುಟ್ಟು: ಇದಕ್ಕೆ ಉಂಡೆಯನ್ನು ಫ್ರಿಜ್ಜಿಗೆ ಇಡುವ ಮುಂಚೆಯೇ ಉರುಳಿಸಬೇಕು, ತಣ್ಣಗಾದ ಮೇಲೆ ತುರಿ ಹಿಡಿಯುವುದಿಲ್ಲ. ಕೋಕೋ ಪುಡಿಯದ್ದು ಹಾಗಲ್ಲ, ಅದನ್ನು ಕೊಡುವ ದಿನವೇ ಉರುಳಿಸಿ. ಮೊದಲೇ ಮಾಡಿಟ್ಟರೆ ಪುಡಿ ತೇವ ಎಳೆದು ಕಪ್ಪು ಕಪ್ಪಾಗಿ ತೇಪೆ ಬೀಳುತ್ತದೆ.

ಕೋಕೋ ಪುಡಿ ಅಂದಾಗ ಹೇಳಬೇಕು ಅನ್ನಿಸಿತು. ನಮ್ಮ ಕಡೆ ಅಡಿಕೆ ತೋಟದ ನೆರಳಲ್ಲೇ ಕೋಕೋ ಬೆಳೆಯುತ್ತಾರೆ. ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೋ ಹುಟ್ಟಿದ್ದು 1973ರಲ್ಲಿ, ಪುತ್ತೂರಿನ ಅವರ ಚಾಕ್ಲೇಟ್ ಕಾರ್ಖಾನೆ ಶುರುವಾಗಿದ್ದು 1986ರಲ್ಲಿ. ಟ್ರಫಲ್ ಪರದೇಶದ್ದೇ ಇರಬಹುದು, ಮೇಲೆ ಉದುರಿಸುವ ಕೋಕೋ ಪುತ್ತೂರಿನದ್ದಾದರೆ ನನಗೆ ಖುಷಿ. ಸಿಕ್ಕರೆ ತನ್ನಿ.

ಇಬ್ಬರು ಮಕ್ಕಳ ತಾಯಿ, ಮೈಸೂರಿನಿಂದ

ಉರುಳಿಸಿದ್ದು ಚೆನ್ನಾಗಿರುತ್ತದೆ, ಒಪ್ಪಿದೆ. ಆದರೆ ಮಕ್ಕಳು ಕೈ ಹಾಕುವುದು ಅದ್ದಿ ಬಣ್ಣದ ಕಾಳು ಹಾಕಿದ್ದಕ್ಕೇ, ಅದನ್ನು ಅರ್ಧಕ್ಕಿಂತ ಜಾಸ್ತಿಯೇ ಇಟ್ಟುಕೊಳ್ಳಿ.

ಮಕ್ಕಳು ಇರುವುದರಿಂದ ಮೂರು ವಿಷಯ ಜ್ಞಾಪಕ ಇರಲಿ. ಕಡಲೆಕಾಯಿ, ಗೋಡಂಬಿ, ಬಾದಾಮಿ ಒಳಗೆ ಹಾಕುವುದಿದ್ದರೆ ದಯವಿಟ್ಟು ತಟ್ಟೆಯ ಮುಂದೆ ಚೀಟಿ ಬರೆದಿಡಿ. ಚಾಕ್ಲೇಟಿನೊಳಗೆ ಏನಿದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ, ಅಲರ್ಜಿ ಇರುವ ಮಗುವಿನ ತಾಯಿಗೆ ಆ ಚೀಟಿ ಎಷ್ಟು ದೊಡ್ಡ ಉಪಕಾರ ಅಂತ ನನಗೆ ಗೊತ್ತು. ಮೂರು ನಾಲ್ಕು ವರ್ಷದ ಮಕ್ಕಳಿಗೆ ಇಡೀ ಉಂಡೆ ಕೊಡಬಾರದು, ದುಂಡಗೆ ನುಣ್ಣಗೆ ಇರುವುದು ಗಂಟಲಿಗೆ ಜಾರುತ್ತದೆ, ನಾಲ್ಕು ಭಾಗ ಮಾಡಿ ಕೊಡಿ. ಇನ್ನು ಶುದ್ಧ ಸಸ್ಯಾಹಾರಿಗಳು ಇದ್ದರೆ ಬಣ್ಣದ ಕಾಳಿನ ಪೊಟ್ಟಣ ಓದಿ ತನ್ನಿ. ಕೆಲವಕ್ಕೆ ಹೊಳಪು ಬರಲು ಅರಗಿನ ಲೇಪ ಕೊಟ್ಟಿರುತ್ತಾರೆ, ಅರಗು ಹುಳದಿಂದ ಬರುವುದು. ಮಾರ್ಷ್‌ಮ್ಯಾಲೋ ಸೇರಿಸುವವರು ಜೆಲಾಟಿನ್ ನೋಡಿಕೊಳ್ಳಿ, ಅದು ಪ್ರಾಣಿಮೂಲದ್ದು.

ಮತ್ತೆ ಕೇಳಿದ್ದು

ಎಲ್ಲರಿಗೂ ತುಂಬು ಹೃದಯದ ಧನ್ಯವಾದ. ಮಿಲ್ಕ್‌ಮೇಡು, ಓರಿಯೋ, ಡಾರ್ಕ್ ಕಾಂಪೌಂಡ್ ಅಂತ ತೀರ್ಮಾನ ಮಾಡಿದೆ, ಐವತ್ತು ಅದ್ದಿದ್ದು, ಮೂವತ್ತು ಕೊಬ್ಬರಿಯದ್ದು. ಇನ್ನು ಎರಡು ಅನುಮಾನ. 24ರಂದು ನನಗೆ ಆಫೀಸು ಇದೆ, ಎಷ್ಟು ಮುಂಚೆ ಮಾಡಿಡಬಹುದು, ಹೇಗೆ ಇಡಬೇಕು? ಮತ್ತೆ ದೊಡ್ಡವರಿಗೆ ಸ್ವಲ್ಪ ರಮ್ ಹಾಕಿ ಮಾಡಿ ಅಂತ ನಮ್ಮ ಬ್ಲಾಕಿನ ಅಂಕಲ್ ಒಬ್ಬರು ಹೇಳಿದ್ದಾರೆ, ಅದು ಆಗುತ್ತದಾ?

ಪ್ರತಿ ಡಿಸೆಂಬರ್ ಮಾಡುವವಳು

22ರ ರಾತ್ರಿ ಪುಡಿ ಮಾಡಿ ಉಂಡೆ ಕಟ್ಟಿ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಕೊಬ್ಬರಿಯದ್ದು ಅವತ್ತೇ ಮುಗಿಯುತ್ತದೆ. 23ರ ರಾತ್ರಿ ಮಕ್ಕಳನ್ನು ಕೂರಿಸಿಕೊಂಡು ಅದ್ದಿ. ಕಂಡೆನ್ಸ್ಡ್ ಮಿಲ್ಕಿನದ್ದು ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಆರಾಮಾಗಿ ಇರುತ್ತದೆ, ಹಾಗಾಗಿ ಗಾಬರಿ ಬೇಡ. ಡಬ್ಬಿಗೆ ಬಿಗಿ ಮುಚ್ಚಳ ಇರಲಿ, ಇಲ್ಲವಾದರೆ ಫ್ರಿಜ್ಜಿನಲ್ಲಿರುವ ಬೆಳ್ಳುಳ್ಳಿ, ಸಾರು ಎಲ್ಲದರ ವಾಸನೆ ಚಾಕ್ಲೇಟ್ ಎಳೆದುಕೊಳ್ಳುತ್ತದೆ. ಎರಡು ಪದರ ಜೋಡಿಸುವುದಾದರೆ ನಡುವೆ ಬಟರ್ ಪೇಪರ್ ಹಾಕಿ.

ಹೊರಗೆ ತೆಗೆಯುವುದರಲ್ಲಿ ಒಂದು ಸೂಕ್ಷ್ಮ ಇದೆ. ತಣ್ಣನೆಯ ಉಂಡೆಗೆ ಬೆಚ್ಚನೆಯ ಗಾಳಿ ತಾಕಿದ ಕೂಡಲೇ ಸಣ್ಣ ಸಣ್ಣ ನೀರಿನ ಹನಿ ಕೂರುತ್ತದೆ, ಆ ನೀರಿಗೆ ಸಕ್ಕರೆ ಕರಗಿ, ಒಣಗಿದ ಮೇಲೆ ಒರಟು ಬಿಳಿ ಕಲೆ ಉಳಿಯುತ್ತದೆ. ಅದಕ್ಕೇ ಡಬ್ಬಿಯ ಮುಚ್ಚಳ ತೆಗೆಯದೆ ಹಾಗೇ ಅರ್ಧ ಗಂಟೆ ಹೊರಗಿಡಿ. ಬೆವರುವುದು ಡಬ್ಬಿಯ ಹೊರಮೈ, ಒಳಗಿನ ಉಂಡೆ ಅಲ್ಲ. ಅದು ಒಣಗಿದ ಮೇಲೆ ಮುಚ್ಚಳ ತೆಗೆದು ಪೇಪರ್ ಕಪ್ಪಿಗೆ ಹಾಕಿ ಜೋಡಿಸಿ. ಬೆಂಗಳೂರಿನ ಡಿಸೆಂಬರ್ ಸಂಜೆಗೆ ಆಮೇಲೆ ಏನೂ ಆಗುವುದಿಲ್ಲ, ಮೇಜಿನ ಮೇಲೆ ಗಟ್ಟಿಯಾಗಿ ಕೂತಿರುತ್ತದೆ. ಬಿಸಿ ಬಿಸಿ ತಿಂಡಿಯ ಪಾತ್ರೆ ಪಕ್ಕದಲ್ಲಿ ಇಡದ ಹಾಗೆ ಮಾತ್ರ ನೋಡಿಕೊಳ್ಳಿ.

ಶಿವಮೊಗ್ಗದಿಂದ

ರಮ್ ಆಗುತ್ತದೆ. ಬೇಕರಿಯ ರಮ್ ಬಾಲ್ ಇದರ ಅಣ್ಣನೇ ಅಲ್ವಾ, ಅಲ್ಲಿ ಬಿಸ್ಕತ್ತಿನ ಬದಲು ಕೇಕಿನ ಪುಡಿ. 300 ಗ್ರಾಂ ಬಿಸ್ಕತ್ತಿಗೆ ಒಂದೂವರೆ ದೊಡ್ಡ ಚಮಚ ಡಾರ್ಕ್ ರಮ್ ಹಾಕಿ, ಅಷ್ಟೇ ಮಿಲ್ಕ್‌ಮೇಡ್ ಕಡಿಮೆ ಮಾಡಿ. ಒಂದು ರಾತ್ರಿ ಕಳೆದ ಮೇಲೆ ವಾಸನೆ ಇಳಿದು ರುಚಿ ಚೆನ್ನಾಗಿ ಕೂರುತ್ತದೆ. ಆದರೆ ಬೇಯಿಸುವುದಿಲ್ಲ ಅನ್ನುವುದು ನೆನಪಿರಲಿ, ಹಾಕಿದ ಆಲ್ಕೋಹಾಲ್ ಪೂರ್ತಿ ಉಂಡೆಯಲ್ಲೇ ಇರುತ್ತದೆ. ಅರ್ಧ ಮಕ್ಕಳೇ ಇರುವ ಪಾರ್ಟಿಯಲ್ಲಿ ಒಂದೇ ಮೇಜಿನ ಮೇಲೆ ಅದನ್ನು ಇಡಲು ನಾನು ಒಪ್ಪುವುದಿಲ್ಲ. ಮಾಡುವುದಾದರೆ ಬೇರೆ ಡಬ್ಬಿಯಲ್ಲಿ ಹಾಕಿ ಆ ಅಂಕಲ್ ಮನೆಗೇ ಕೊಟ್ಟುಬಿಡಿ.

ದೊಡ್ಡವರಿಗೆ ಬೇರೆ ರುಚಿ ಬೇಕು ಅಂದರೆ ಗಟ್ಟಿ ಕಾಫಿ ಡಿಕಾಕ್ಷನ್ ಹಾಕಿ. 300 ಗ್ರಾಮಿಗೆ ಎರಡು ಟೀ ಚಮಚ, ಫಿಲ್ಟರಿನ ಮೊದಲ ಡಿಕಾಕ್ಷನ್. ಕೋಕೋ ಜೊತೆ ಕಾಫಿಯ ಕಹಿ ಎಷ್ಟು ಚೆನ್ನಾಗಿ ಹೊಂದುತ್ತದೆ ಅಂದರೆ, ನನ್ನ ಹತ್ತಿರ ಆರ್ಡರ್ ಕೊಡುವವರಲ್ಲಿ ಹೆಚ್ಚಿನವರು ರಮ್ ಬಿಟ್ಟು ಅದನ್ನೇ ಕೇಳುತ್ತಾರೆ. ಅದರ ಮೇಲೆ ಬಿಳಿ ಚಾಕ್ಲೇಟಿನಿಂದ ಎರಡು ಗೆರೆ ಎಳೆದುಬಿಡಿ, ಯಾವುದು ಕಾಫಿಯದ್ದು ಅಂತ ಗೊತ್ತಾಗುತ್ತದೆ.

ನ್ಯೂಜೆರ್ಸಿಯಿಂದ

ಇನ್ನೂ ಮುಂಚೆ ಮಾಡಿಡಬೇಕಾದವರಿಗೆ ಹೇಳುತ್ತೇನೆ, ಅದ್ದಿದ ಉಂಡೆ ಫ್ರೀಜರಿನಲ್ಲಿ ಒಂದು ತಿಂಗಳು ಇರುತ್ತದೆ. ಫ್ರೀಜರಿನಿಂದ ಸೀದಾ ಹೊರಗೆ ತರಬೇಡಿ. ಹಿಂದಿನ ರಾತ್ರಿ ಡಬ್ಬಿ ಸಮೇತ ಕೆಳಗಿನ ಫ್ರಿಜ್ಜಿಗೆ ಇಳಿಸಿ, ಮರುದಿನ ಮೇಲೆ ಹೇಳಿದ ಹಾಗೆ ಮುಚ್ಚಳ ಮುಚ್ಚಿಯೇ ಹೊರಗಿಡಿ. ನಿಧಾನವಾಗಿ ಬೆಚ್ಚಗಾದರೆ ಚಿಪ್ಪು ಸೀಳುವುದಿಲ್ಲ.

ಮಂಗಳೂರಿನಿಂದ

ಅದ್ದಿ ಮುಗಿದ ಮೇಲೆ ಬಟ್ಟಲಲ್ಲಿ ಚಾಕ್ಲೇಟ್ ಉಳಿಯುತ್ತದಲ್ಲ, ಬಿಸ್ಕತ್ತಿನ ಪುಡಿ ಬಿದ್ದು ಮತ್ತೆ ಅದ್ದುವುದಕ್ಕೆ ಆಗದ ಹಾಗೆ. ಅದನ್ನು ಗಟ್ಟಿಯಾಗಲು ಬಿಡಬೇಡಿ. ಬಿಸಿ ಇರುವಾಗಲೇ ಹುರಿದು ಆರಿಸಿದ ಮಂಡಕ್ಕಿಯೋ ಕಾರ್ನ್‌ಫ್ಲೇಕ್ಸೋ ಎರಡು ಮುಷ್ಟಿ ಹಾಕಿ ಕಲಸಿ, ಅದೇ ಬಟರ್ ಪೇಪರ್ ಮೇಲೆ ಚಮಚದಲ್ಲಿ ಚಿಕ್ಕ ಚಿಕ್ಕ ಗುಪ್ಪೆ ಹಾಕಿ. ಹತ್ತು ನಿಮಿಷಕ್ಕೆ ಗಟ್ಟಿಯಾಗುತ್ತದೆ. ಅದ್ದುವುದಕ್ಕೆ ಸಹಾಯ ಮಾಡಿದ ಮಕ್ಕಳಿಗೆ ಅವತ್ತೇ ಕೊಟ್ಟರೆ ಪಾರ್ಟಿಯ ಡಬ್ಬಿಗೆ ಕೈ ಹಾಕುವುದಿಲ್ಲ.